ರೇವಾ: ಬೆಂಗಳೂರಿನ ವಿದ್ಯುತ್ ಕಾರು

ಫ್ರಾನ್ಸಿನ ಲೂಯಿ ರೆನೋ, ಆಂದ್ರೆ ಸಿಟ್ರೊಯೆನ್ ತಮ್ಮ ಕಾರುಗಳಿಗೆ ಮನೆತನದ ಹೆಸರನ್ನೇ ಇಟ್ಟರು. ಬೆಂಗಳೂರಿನ ಚೇತನ್ ಮೈನಿ ಅವರ ಕಾರಿನದು ತಾಯಿಯ ಹೆಸರು.

ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುವಾಗ ಮೈನಿ, ಸೌರಶಕ್ತಿ ಕಾರು ಕಟ್ಟಿದ ವಿದ್ಯಾರ್ಥಿ ತಂಡದಲ್ಲಿದ್ದರು. 1990ರಲ್ಲಿ ಆಸ್ಟ್ರೇಲಿಯಾದ ಸ್ಪರ್ಧೆಯಲ್ಲಿ ಆ ಕಾರಿಗೆ ಮೂರನೇ ಸ್ಥಾನ. 1994ರಲ್ಲಿ ಮೈನಿ ಸಮೂಹವೂ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿಯೂ ಕೂಡಿ ರೇವಾ ಆರಂಭಿಸಿದವು. ಕಾರು ರಸ್ತೆಗಿಳಿದದ್ದು 2001ರಲ್ಲಿ.

ಎರಡು ಬಾಗಿಲು, ಮುಂದೆ ದೊಡ್ಡವರಿಬ್ಬರು, ಹಿಂದೆ ಮಕ್ಕಳು. ಗೇರಿಲ್ಲ, ಕ್ಲಚ್ಚಿಲ್ಲ. ಉಕ್ಕಿನ ಚೌಕಟ್ಟಿಗೆ ಪ್ಲಾಸ್ಟಿಕ್ ಹೊದಿಕೆ. ಮುಂದಿನ ಸೀಟುಗಳ ಅಡಿಯಲ್ಲಿ 6 ವೋಲ್ಟಿನ 8 ಸೀಸ-ಆಮ್ಲ ಬ್ಯಾಟರಿಗಳು. ಮನೆಯ 15 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಿ ರಾತ್ರಿ ಬಿಟ್ಟರೆ ಸುಮಾರು 80 ಕಿ.ಮೀ. ಓಟ ಎಂಬುದು ಕಂಪನಿಯ ಲೆಕ್ಕ. ಎಸಿ ಹಾಕಿದರೆ, ದಿಣ್ಣೆ ಹತ್ತಿಸಿದರೆ ಅಷ್ಟು ಸಿಗುತ್ತಿರಲಿಲ್ಲ.

ಇದಕ್ಕೆ ಹೆಸರು ತಂದದ್ದು ಲಂಡನ್. ಅಲ್ಲಿ 2004ರಿಂದ ‘ಜಿ-ವಿಜ್’ ಎಂದು ಮಾರಾಟವಾಯಿತು. ನಗರದ ನಡುವೆ ಓಡಾಡುವ ವಾಹನಗಳ ಮೇಲಿನ ದಟ್ಟಣೆ ಶುಲ್ಕ ಇದಕ್ಕಿರಲಿಲ್ಲ. ಆದರೆ ಅಲ್ಲಿನ ಕಾನೂನಿನ ಪ್ರಕಾರ ಇದು ಕಾರೇ ಅಲ್ಲ, ‘ಕ್ವಾಡ್ರಿಸೈಕಲ್’. ಹಾಗಾಗಿ ಕಾರುಗಳಿಗಿದ್ದ ಕಡ್ಡಾಯ ಡಿಕ್ಕಿ ಪರೀಕ್ಷೆ ಅನ್ವಯಿಸಲಿಲ್ಲ. ಸುರಕ್ಷತೆಯ ಬಗ್ಗೆ ಎದ್ದ ಟೀಕೆ ನ್ಯಾಯವಾದದ್ದೇ.

2009ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿ ಬಂತು. ಮರುವರ್ಷ ಮಹೀಂದ್ರಾ ಶೇ 55.2 ಪಾಲು ಕೊಂಡಿತು. ಟೆಸ್ಲಾದ ಮೊದಲ ಕಾರು ಗ್ರಾಹಕರ ಕೈಸೇರಿದ್ದು 2008ರಲ್ಲಿ; ಅಷ್ಟರಲ್ಲಿ ರೇವಾ ಬೆಂಗಳೂರಿನ ರಸ್ತೆಗಿಳಿದು ಸುಮಾರು 7 ವರ್ಷವಾಗಿತ್ತು.