ಬೇವಿನೆಣ್ಣೆಗೆ ವೋಚರ್ ಎಲ್ಲಿದೆ?

ಯುಗಾದಿಗೆ ಬೇವು-ಬೆಲ್ಲದ ಫೋಟೋ ಹಾಕ್ತೀರಲ್ಲ, ಅದರ ಕೆಳಗೆ ಯಾರಾದ್ರೂ ಬರೆದೇ ಬರೀತಾರೆ: "ಅಮೆರಿಕದವರು ನಮ್ಮ ಬೇವಿಗೆ ಪೇಟೆಂಟ್ ತಗೊಂಡಿದ್ರು, ಕೊನೆಗೆ ನಾವೇ ಗೆದ್ವಿ." ಇದು ಅರ್ಧ ನಿಜ. ಇನ್ನರ್ಧ ಇಲ್ಲಿದೆ, ಓದಿ.

🌿 1
ಕಡ್ಡಿಯಲ್ಲಿ ಹಲ್ಲುಜ್ಜೋದು, ಅಮ್ಮ ಆದವರ ಹಾಸಿಗೆಗೆ ಸೊಪ್ಪು ಹಾಕೋದು, ಕಾಳಿನ ಡಬ್ಬಿಗೆ ಒಣಗಿದ ಎಲೆ, ಹೊಲಕ್ಕೆ ಬೇವಿನ ಹಿಂಡಿ. ಇದೆಲ್ಲ ನಿಮ್ಮಜ್ಜಿಗೂ ಗೊತ್ತು, ಅವರಜ್ಜಿಗೂ ಗೊತ್ತಿತ್ತು. ಲ್ಯಾಬಿಗೆ ಗೊತ್ತಾಗಿದ್ದು ತಡವಾಗಿ. 1942ರಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಬೇವಿನೆಣ್ಣೆಯಿಂದ ಕಹಿ ಅಂಶಗಳನ್ನು ಬೇರ್ಪಡಿಸಿದರು. 1959ರಲ್ಲಿ ಸುಡಾನ್‌ನಲ್ಲಿ ಮಿಡತೆ ದಂಡು ಹಸಿರೆಲ್ಲ ತಿಂದು ಬೇವನ್ನು ಮಾತ್ರ ಬಿಟ್ಟಿದ್ದನ್ನು ಜರ್ಮನ್ ಕೀಟವಿಜ್ಞಾನಿ ಹೈನ್ರಿಕ್ ಶ್ಮುಟ್ಟರರ್ ಗಮನಿಸಿದರು. ಆಮೇಲೆ ಕಂಪನಿಗಳ ಕಣ್ಣು ಈ ಮರದ ಮೇಲೆ ಬಿತ್ತು.

🌿 2
ಅಮೆರಿಕದ ಡಬ್ಲ್ಯೂ. ಆರ್. ಗ್ರೇಸ್ ಕಂಪನಿ ನಮ್ಮ ತುಮಕೂರಿನಲ್ಲೇ ಒಂದು ಭಾರತೀಯ ಕಂಪನಿ ಜೊತೆ ಸೇರಿ ಬೇವಿನ ಬೀಜದ ಘಟಕ ಶುರುಮಾಡಿತ್ತು. 1994ರಲ್ಲಿ ಯುರೋಪಿನ ಪೇಟೆಂಟ್ ಕಚೇರಿ ಗ್ರೇಸ್‌ಗೂ ಅಮೆರಿಕದ ಕೃಷಿ ಇಲಾಖೆಗೂ ಸೇರಿ ಒಂದು ಪೇಟೆಂಟ್ ಕೊಟ್ಟಿತು. ಮರಕ್ಕಲ್ಲ, ಎಲೆಗಲ್ಲ. ಬೀಜದಿಂದ ತೆಗೆದ ಎಣ್ಣೆ ಬಳಸಿ ಗಿಡಗಳ ಶಿಲೀಂಧ್ರ ತಡೆಯೋ ವಿಧಾನಕ್ಕೆ.

1995ರಲ್ಲಿ ಮೂವರು ಹೆಂಗಸರು ಇದಕ್ಕೆ ತಕರಾರು ಹಾಕಿದರು: ವಂದನಾ ಶಿವ, ಸಾವಯವ ಕೃಷಿ ಒಕ್ಕೂಟದ ಲಿಂಡಾ ಬುಲ್ಲಾರ್ಡ್, ಯುರೋಪಿನ ಸಂಸತ್ತಿನ ಹಸಿರು ಗುಂಪಿನ ಮಗ್ದಾ ಆಲ್ವೂಟ್.

🌿 3
ಈಗ ನಮ್ಮ ಆಡಿಟಿಂಗ್ ಕ್ಲಾಸ್ ನೆನಪಿಸ್ಕೊಳ್ಳಿ. ಖರ್ಚು ಮಾಡಿದ್ದು ನಿಜವೇ ಇರಬಹುದು, ಆದ್ರೆ ವೋಚರ್ ಎಲ್ಲಿ? ಪೇಟೆಂಟ್ ಕಚೇರಿ ಕೇಳೋದೂ ಅದನ್ನೇ. ಅರ್ಜಿಗಿಂತ ಮುಂಚೆ ಇದನ್ನು ಯಾರು, ಎಲ್ಲಿ, ಹೇಗೆ ಮಾಡಿದ್ರು? ಆಗಿನ ಅಮೆರಿಕದ ಕಾನೂನಲ್ಲಿ ಬೇರೆ ದೇಶದ ಬರೀ ಬಳಕೆಗೆ ಬೆಲೆಯೇ ಇರಲಿಲ್ಲ, ಅಚ್ಚಾಗಿರಬೇಕಿತ್ತು. ಯುರೋಪಿನಲ್ಲಿ ಹಾಗಲ್ಲ. ಜಗತ್ತಿನ ಯಾವ ಮೂಲೆಯಲ್ಲಿ ಬಹಿರಂಗವಾಗಿ ಬಳಸಿದ್ದರೂ ಲೆಕ್ಕಕ್ಕೆ ಬರುತ್ತೆ, ಆದ್ರೆ ಸಾಬೀತು ಮಾಡಬೇಕು.

ಸಾಬೀತಾಯ್ತು. ಅಭಯ್ ಫಡ್ಕೆ ಎಂಬ ಉದ್ಯಮಿ, ಗ್ರೇಸ್‌ಗಿಂತ ಮುಂಚೆಯೇ ಮಹಾರಾಷ್ಟ್ರದಲ್ಲಿ ಬೇವಿನ ಬೀಜದ ಸಾರವನ್ನು ಬೆಳೆಗಳ ಮೇಲೆ ಬಳಸಿದ್ದರ ಬಗ್ಗೆ ಸಾಕ್ಷಿ ಹೇಳಿದರು. 2000ದ ಮೇ ತಿಂಗಳಲ್ಲಿ ಪೇಟೆಂಟ್ ರದ್ದಾಯ್ತು. ಗ್ರೇಸ್ ಕಡೆಯ ಮೇಲ್ಮನವಿಯೂ 2005ರ ಮಾರ್ಚ್ 8ರಂದು ಬಿದ್ದುಹೋಯ್ತು. ಮಹಿಳಾ ದಿನ, ನೋಡಿ!

🌿 4
ನಮ್ಮನ್ನು ಗೆಲ್ಲಿಸಿದ್ದು "ಮೊದಲಿಂದ ಗೊತ್ತಿತ್ತು" ಅನ್ನೋ ಹೆಮ್ಮೆ ಒಂದೇ ಅಲ್ಲ, ಪುರಾವೆ. 2001ರಲ್ಲಿ ಭಾರತ ಆಯುರ್ವೇದ, ಯುನಾನಿ, ಸಿದ್ಧ ಗ್ರಂಥಗಳಲ್ಲಿರೋ ಔಷಧಿಗಳನ್ನು ವಿದೇಶಿ ಪೇಟೆಂಟ್ ಪರೀಕ್ಷಕರಿಗೆ ಅರ್ಥವಾಗೋ ಭಾಷೆಗಳಲ್ಲಿ ದಾಖಲಿಸೋ ಡಿಜಿಟಲ್ ಗ್ರಂಥಾಲಯ ಶುರುಮಾಡಿದ್ದೂ ಇಂಥ ಜಗಳಗಳಿಂದ ಪಾಠ ಕಲಿತೇ.

ಅದೇ ಪ್ರಶ್ನೆಯನ್ನು ನಮಗೆ ಬರೋ ಫಾರ್ವರ್ಡ್‌ಗಳಿಗೂ ಕೇಳಿ. "ಬೇವಿನೆಣ್ಣೆ ಕುಡಿದ್ರೆ ಎಲ್ಲ ರೋಗ ವಾಸಿ" ಅಂತ ಬಂದ್ರೆ, ಯಾರಿಗೆ, ಎಷ್ಟು, ಯಾರು ಪರೀಕ್ಷೆ ಮಾಡಿದ್ರು? ಎಳೆ ಮಕ್ಕಳಿಗೆ ಬೇವಿನೆಣ್ಣೆ ಕುಡಿಸಿ ಫಿಟ್ಸ್ ಬಂದ, ಜೀವಕ್ಕೇ ಅಪಾಯವಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಮಕ್ಕಳಿಗಂತೂ ಕುಡಿಸಲೇಬೇಡಿ.

ಈ ಭಾನುವಾರ ಒಂದು ಕೆಲಸ ಮಾಡಿ. ಅಜ್ಜಿ ಹತ್ರ ಕೂತು ಒಂದು ಮದ್ದು ಕೇಳಿ. ಯಾವ ಗಿಡ, ಯಾವ ಭಾಗ, ಎಷ್ಟು, ಯಾರಿಗೆ ಕೊಡಬಾರದು, ಎಲ್ಲ ಬರ್ಕೊಳ್ಳಿ. ಕೆಳಗೆ ತಾರೀಕು ಹಾಕೋದು ಮರೀಬೇಡಿ.

#ಬೇವು #ಮನೆಮದ್ದಿನಕಥೆ