ಕೋಚ್ ಬದಲಾವಣೆಯ ಊಹಾಪೋಹ: ಪುಣೆ, ಪಿಂಪ್ರಿ-ಚಿಂಚವಾಡ ಮತ್ತು ಬೆಂಗಳೂರಿನ ಫುಟ್‌ಬಾಲ್

ತಂಡದ ಕೋಚ್ ಯಾವಾಗ ಹೊರಡುತ್ತಾರೆ, ಖಾಲಿಯಾದ ಕುರ್ಚಿಗೆ ಯಾರು ಬರುತ್ತಾರೆ ಎಂಬ ಚರ್ಚೆ ಭಾರತದ ಫುಟ್‌ಬಾಲಿನಲ್ಲಿ ಆಟದಷ್ಟೇ ಜೋರಾಗಿ ನಡೆಯತೊಡಗಿದ್ದು ಈಚೆಗೆ. ಇಲಾಖೆ ಮತ್ತು ಕಾರ್ಖಾನೆ ತಂಡಗಳ ಕಾಲದಲ್ಲಿ ಕೋಚ್ ಎಂದರೆ ಬಹುಪಾಲು ಸಂಸ್ಥೆಯ ನೌಕರ. ಬೆಂಗಳೂರಿನ ಐಟಿಐ, ಎಚ್‌ಎಎಲ್ ತಂಡಗಳಲ್ಲೂ ಹಾಗೆಯೇ. ತಂಡ ಸೋತರೂ ಸಂಬಳ ನಿಲ್ಲುತ್ತಿರಲಿಲ್ಲ, ಸುದ್ದಿ ಹುಟ್ಟಲು ಜಾಗವೂ ಇರಲಿಲ್ಲ. ವರ್ಷದ ಲೆಕ್ಕದ ಒಪ್ಪಂದ, ಖಾಸಗಿ ಮಾಲೀಕತ್ವ, ವಿದೇಶಿ ಕೋಚ್‌ಗಳು, ಈ ಮೂರೂ ಒಟ್ಟಿಗೆ ಬಂದ ಮೇಲೆ ಗಾಳಿಸುದ್ದಿಗೆ ಕಾಲು ಬಂತು.

ಈ ಇತಿಹಾಸದಲ್ಲಿ ಹೆಚ್ಚು ಗೋಜಲಾಗಿರುವುದು ಪುಣೆಯ ಭಾಗ. ಪಿಂಪ್ರಿ-ಚಿಂಚವಾಡದ ವಾಕಡ್‌ನಿಂದ ಮುಳಾ ನದಿ ದಾಟಿದರೆ ಸಿಗುವ ಬಾಲೇವಾಡಿಯ ಶ್ರೀ ಶಿವಛತ್ರಪತಿ ಕ್ರೀಡಾಸಂಕೀರ್ಣವನ್ನು 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕಟ್ಟಲಾಗಿತ್ತು. 2007ರಿಂದ 2019ರೊಳಗೆ ಅಲ್ಲಿ ನಾಲ್ಕು ವೃತ್ತಿಪರ ಕ್ಲಬ್‌ಗಳು ಆಡಿದವು, ನಾಲ್ಕೂ ಮುಚ್ಚಿದವು. ಕೋಚ್‌ಗಳ ಪಟ್ಟಿಗಳಲ್ಲಿ ಈ ಕ್ಲಬ್‌ಗಳು ಆಗಾಗ ಒಂದರೊಳಗೊಂದು ಬೆರೆತುಹೋಗುತ್ತವೆ. ಪುಣೆ ಎಫ್‌ಸಿಯೂ ಎಫ್‌ಸಿ ಪುಣೆ ಸಿಟಿಯೂ ಒಂದೇ ಎಂದು ಬರೆದಿರುವುದುಂಟು. ಅವು ಬೇರೆ ಬೇರೆ ಲೀಗುಗಳಲ್ಲಿ ಆಡಿದ, ಬೇರೆ ಬೇರೆ ಮಾಲೀಕರ ಕ್ಲಬ್‌ಗಳು. ನಂಟು ಇಷ್ಟೇ: ಮೊದಲನೆಯದರ ಅಕಾಡೆಮಿಯನ್ನು ಎರಡನೆಯದು ಮುಂದೆ ತನ್ನದಾಗಿಸಿಕೊಂಡಿತು.

ಬಾಲೇವಾಡಿಯ ನಾಲ್ಕು ಕ್ಲಬ್‌ಗಳು

ಅಶೋಕ್ ಪಿರಾಮಲ್ ಸಮೂಹ 2007ರಲ್ಲಿ ಕಟ್ಟಿದ ಪುಣೆ ಎಫ್‌ಸಿ ಐ-ಲೀಗ್‌ನ ತನ್ನ ಮೊದಲ ಋತುವಾದ 2009–10ರಲ್ಲೇ ಮೂರನೇ ಸ್ಥಾನಕ್ಕೇರಿತು. 2012–13ರಲ್ಲಿ ಗೋವಾದ ಡೆರಿಕ್ ಪೆರೇರಾ ಅದನ್ನು ಎರಡನೇ ಸ್ಥಾನಕ್ಕೆ ಕೊಂಡೊಯ್ದರು. ಅದು ಕ್ಲಬ್‌ನ ಅತ್ಯುತ್ತಮ ಸಾಧನೆ, ಆದರೂ ಮುಂದಿನ ಋತುವಿಗೆ ಡಚ್ ಕೋಚ್ ಮೈಕ್ ಸ್ನೂಯ್ ಬಂದರು. ಅವರ ನಂತರ ಸಾಲ್ಗಾವ್‌ಕರ್‌ಗೆ ಐ-ಲೀಗ್ ಗೆದ್ದುಕೊಟ್ಟಿದ್ದ ಮೊರಾಕ್ಕೊದ ಕರೀಂ ಬೆಂಚರೀಫಾ. 2015ರಲ್ಲಿ ಕ್ಲಬ್ಬೇ ನಿಂತುಹೋಯಿತು.

ಕಲ್ಯಾಣಿ ಸಮೂಹದ ಭಾರತ್ ಎಫ್‌ಸಿಯ ಆಯುಸ್ಸು ಇನ್ನೂ ಕಡಿಮೆ. ಇಂಗ್ಲೆಂಡಿನ ಸ್ಟುವರ್ಟ್ ವಾಟ್ಕಿಸ್ ಅದರ ಮೊದಲ ಕೋಚ್, ಕೊನೆಯ ಕೋಚೂ ಅವರೇ. 2014–15ರ ಒಂದೇ ಋತುವಿನಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದ ತಂಡ ಬಾಗಿಲು ಹಾಕಿತು. ಡಿಎಸ್‌ಕೆ ಶಿವಾಜಿಯನ್ಸ್ ಐ-ಲೀಗ್‌ಗೆ ಬಂದಾಗ ಕೋಚ್ ಮತ್ತೆ ಡೆರಿಕ್ ಪೆರೇರಾ. ಒಬ್ಬರೇ ಎರಡು ಪುಣೆ ತಂಡಗಳನ್ನು ನಡೆಸಿದ್ದರಿಂದ ಪಟ್ಟಿಗಳಲ್ಲಿ ಗಂಟು ಬಿದ್ದಿರುವುದು ಇಲ್ಲಿಯೇ. 2016–17ರಲ್ಲಿ ಡೇವ್ ರಾಜರ್ಸ್ ಆ ಹೊಣೆ ಹೊತ್ತರು, ಅದರ ಮರುವರ್ಷ ಐ-ಲೀಗ್‌ನಲ್ಲಿ ಆ ಕ್ಲಬ್ ಇರಲಿಲ್ಲ. ಹೀಗಾಗಿ ಪುಣೆಯ ಅಭಿಮಾನಿ ಮುಂದಿನ ಕೋಚ್ ಯಾರು ಎಂದು ಕೇಳುವ ಮೊದಲು ಮುಂದಿನ ವರ್ಷ ತಂಡ ಇರುತ್ತದೆಯೇ ಎಂದು ಕೇಳಬೇಕಾಯಿತು. ಕೋಚ್‌ಗಳ ಇತಿಹಾಸ ಎಂದು ಬರೆದಿಟ್ಟದ್ದರಲ್ಲಿ ಬಹುಪಾಲು ವಾಸ್ತವದಲ್ಲಿ ಮಾಲೀಕರ ಇತಿಹಾಸ.

2014ರ ಅಕ್ಟೋಬರ್‌ನಲ್ಲಿ ಆರಂಭವಾದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಈ ಚಿತ್ರವನ್ನು ಬದಲಿಸಿತು. ಮೊದಲ ಆವೃತ್ತಿ ಡಿಸೆಂಬರ್ 20ಕ್ಕೆ ಮುಗಿದುಹೋಯಿತು. ಎರಡೂವರೆ ತಿಂಗಳೂ ತುಂಬದ ಲೀಗಿಗೆ ಕೋಚ್‌ಗಳ ನೇಮಕವೂ ಅಷ್ಟೇ ಅವಧಿಯದು. ಡಿಸೆಂಬರ್ ಬಂತೆಂದರೆ ಕೋಚ್ ಹುದ್ದೆಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಖಾಲಿ, ಉಳಿದ ಒಂಬತ್ತು ತಿಂಗಳು ಊಹೆಗೆ ಬಿಡುವು. ವಾಧವಾನ್ ಸಮೂಹದ ಎಫ್‌ಸಿ ಪುಣೆ ಸಿಟಿ ಮೊದಲ ಮೂರು ವರ್ಷ ಮೂವರನ್ನು ಕಂಡಿತು: ಇಟಲಿಯ ಫ್ರಾಂಕೊ ಕೊಲಂಬಾ, ಇಂಗ್ಲೆಂಡಿನ ಡೇವಿಡ್ ಪ್ಲಾಟ್, ಸ್ಪೇನಿನ ಆಂಟೋನಿಯೊ ಲೋಪೆಸ್ ಹಬಾಸ್. ಹಬಾಸ್ 2014ರಲ್ಲಿ ಕೋಲ್ಕತ್ತಕ್ಕೆ ಮೊದಲ ಐಎಸ್‌ಎಲ್ ಕಿರೀಟ ತಂದವರು. ಮೂವರ ಕೈಯಲ್ಲೂ ತಂಡ ಸೆಮಿಫೈನಲ್ ಮುಟ್ಟಲಿಲ್ಲ.

2017–18ರಿಂದ ಲೀಗ್ ಉದ್ದವಾಯಿತು, ಬೆಂಗಳೂರು ಎಫ್‌ಸಿ ಮತ್ತು ಜಮ್‌ಶೆಡ್‌ಪುರ ಸೇರಿದವು. ಆ ಋತು ಶುರುವಾಗುವ ಮೊದಲೇ ಹಬಾಸ್ ಹೊರಟರು. ಸೆಪ್ಟೆಂಬರ್‌ನಲ್ಲಿ ಬಂದ ಸರ್ಬಿಯಾದ ರಾಂಕೊ ಪೊಪೊವಿಚ್ ಕೈಯಲ್ಲಿ, ಅಷ್ಟು ತಡವಾಗಿ ಕಟ್ಟಿದ ತಂಡವೇ ಪುಣೆಯನ್ನು ಮೊದಲ ಬಾರಿಗೆ ಸೆಮಿಫೈನಲ್‌ಗೆ ಒಯ್ದಿತು. ಮಾರ್ಚ್ 2018ರಲ್ಲಿ ಬಾಲೇವಾಡಿಯಲ್ಲಿ ಗೋಲಿಲ್ಲದ ಸಮಬಲ, ಬೆಂಗಳೂರಿನಲ್ಲಿ ಸುನಿಲ್ ಛೆಟ್ರಿಯ ಹ್ಯಾಟ್ರಿಕ್, 3–1ರ ಸೋಲು. ಮುಂದಿನ ಋತುವಿಗೆ ಪೊಪೊವಿಚ್ ಇರಲಿಲ್ಲ.

ಅವರ ಜಾಗಕ್ಕೆ ಬಂದ ಮಿಗೆಲ್ ಏಂಜೆಲ್ ಪೋರ್ತುಗಾಲ್ ಹಿಂದಿನ ವರ್ಷ ಡೆಲ್ಲಿ ಡೈನಮೋಸ್ ನಡೆಸಿದ್ದವರು. ಅವರಿಗೆ ಸಿಕ್ಕಿದ್ದು ಮೂರೇ ಪಂದ್ಯ: ಒಂದು ಡ್ರಾ, ಎರಡು ಸೋಲು. ಮೂರನೆಯದು ಬಾಲೇವಾಡಿಯಲ್ಲೇ ಬೆಂಗಳೂರಿನ ಕೈಯಲ್ಲಿ 0–3. ಅಕ್ಟೋಬರ್ ಮುಗಿಯುವುದರೊಳಗೆ ಅವರು ಹೊರಗಿದ್ದರು. ಹಂಗಾಮಿಯಾಗಿ ನಿಂತವರು ಪ್ರದ್ಯುಮ್ ರೆಡ್ಡಿ, ಬೆಂಗಳೂರು ಎಫ್‌ಸಿಯ ಆರಂಭದ ದಿನಗಳಲ್ಲಿ ಆಶ್ಲಿ ವೆಸ್ಟ್‌ವುಡ್‌ಗೆ ಸಹಾಯಕರಾಗಿದ್ದವರು. ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಫಿಲ್ ಬ್ರೌನ್ ನೇಮಕವಾದರು.

ಆಗಸ್ಟ್ 2019ರಲ್ಲಿ ಪುಣೆ ಸಿಟಿ ಮುಚ್ಚಿ ಲೀಗ್‌ನಲ್ಲಿ ಅದರ ಸ್ಥಾನಕ್ಕೆ ಹೈದರಾಬಾದ್ ಎಫ್‌ಸಿ ಬಂತು. ಅದನ್ನು ಸ್ಥಳಾಂತರ ಎನ್ನುವವರಿದ್ದಾರೆ, ಹೊಸ ಕ್ಲಬ್ ಎನ್ನುವವರೂ ಇದ್ದಾರೆ. ಮಾಲೀಕರು ಹೊಸಬರು, ಹೆಸರು ಹೊಸದು, ಆದರೆ ಕೋಚ್ ಅದೇ ಬ್ರೌನ್, ಆಟಗಾರರಲ್ಲಿ ಹಲವರು ಹಳಬರು. ಕೋಚ್‌ಗಳ ಪಟ್ಟಿ ಮಾಡುವವರು ಇಲ್ಲಿ ಎರಡನ್ನೂ ಬೇರೆ ಬೇರೆ ಬರೆಯುವುದೇ ಸರಿ. ಬ್ರೌನ್ ಜನವರಿ 2020ರಲ್ಲಿ ಆ ಹುದ್ದೆಯನ್ನೂ ಕಳೆದುಕೊಂಡರು. ಮುಂದಿನ ಋತುವಿಗೆಂದು ಘೋಷಣೆಯಾದದ್ದು ಬೆಂಗಳೂರಿನ ಹಳೆಯ ಕೋಚ್ ಆಲ್ಬರ್ಟ್ ರೋಕಾ ಹೆಸರು. ಅವರು ಲೀಗ್ ಶುರುವಾಗುವ ಮೊದಲೇ ಬಾರ್ಸಿಲೋನಾಕ್ಕೆ ಹೋದರು, ಆ ಖಾಲಿ ಜಾಗಕ್ಕೆ ಬಂದ ಮನೊಲೊ ಮಾರ್ಕೆಸ್ 2022ರಲ್ಲಿ ಹೈದರಾಬಾದ್‌ಗೆ ಐಎಸ್‌ಎಲ್ ಗೆದ್ದುಕೊಟ್ಟರು.

ಬೆಂಗಳೂರು: ಊಹೆ ಹೊರಗೆ, ನೇಮಕ ಒಳಗೆ

ಜೆಎಸ್‌ಡಬ್ಲ್ಯು 2013ರಲ್ಲಿ ಆರಂಭಿಸಿದ ಬೆಂಗಳೂರು ಎಫ್‌ಸಿಯ ಕಥೆ ಹೆಚ್ಚು ಪ್ರಚಾರ ಪಡೆದದ್ದು, ಆದ್ದರಿಂದ ಚಿಕ್ಕದಾಗಿ ಹೇಳಿದರೆ ಸಾಕು. ವೆಸ್ಟ್‌ವುಡ್ ಮೂರು ವರ್ಷದಲ್ಲಿ ಎರಡು ಐ-ಲೀಗ್ ಗೆದ್ದು 2016ರಲ್ಲಿ ಹೊರಟರು. ನಂತರ ಬಂದ ರೋಕಾ, ಫ್ರಾಂಕ್ ರೈಕಾರ್ಡ್ ಅವರ ಸಹಾಯಕರಾಗಿ ಬಾರ್ಸಿಲೋನಾದಲ್ಲಿದ್ದವರು, ಅದೇ ವರ್ಷ ತಂಡವನ್ನು ಎಎಫ್‌ಸಿ ಕಪ್ ಫೈನಲ್‌ಗೆ ಮುಟ್ಟಿಸಿದರು. 2018ರಲ್ಲಿ ಅವರ ಸಹಾಯಕ ಕಾರ್ಲೆಸ್ ಕ್ವಾಡ್ರಾಟ್ ಮುಖ್ಯ ಕೋಚ್ ಆದರು, ಮೊದಲ ಋತುವಿನಲ್ಲೇ ಐಎಸ್‌ಎಲ್ ಗೆದ್ದರು.

ಕ್ವಾಡ್ರಾಟ್ ನಿರ್ಗಮನದ ದಾಖಲೆ ಸ್ವಲ್ಪ ನಿಂತು ನೋಡುವಂಥದ್ದು. ಕೋವಿಡ್ ಕಾರಣ ಇಡೀ ಲೀಗ್ ಗೋವಾದಲ್ಲಿ ನಡೆಯುತ್ತಿತ್ತು. ಸತತ ಮೂರು ಸೋಲಿನ ಬೆನ್ನಿಗೆ, ಮುಂಬೈ ಸಿಟಿ ಎದುರಿನ 1–3ರ ಮರುದಿನ, 6 ಜನವರಿ 2021ರಂದು ಕ್ಲಬ್ ‘ಪರಸ್ಪರ ಒಪ್ಪಿಗೆಯ’ ಬೀಳ್ಕೊಡುಗೆ ಪ್ರಕಟಿಸಿತು. ಪತ್ರಿಕೆಗಳಲ್ಲಿ ವಜಾ ಎಂಬ ಪದವೇ ಓಡಾಡಿತು. ಭಾರತದ ಕ್ಲಬ್ ಪ್ರಕಟಣೆಗಳಲ್ಲಿ ವಜಾ ಎಂಬುದು ಅಪರೂಪ. ಕಾರಣ ಬರಿಯ ಸೌಜನ್ಯವಲ್ಲ. ವಜಾ ಎಂದರೆ ಉಳಿದ ಅವಧಿಯ ಸಂಬಳದ ಪ್ರಶ್ನೆ ಏಳುತ್ತದೆ, ಒಪ್ಪಿಗೆ ಎಂದರೆ ಲೆಕ್ಕ ಬಾಗಿಲ ಹಿಂದೆ ಮುಗಿದಿದೆ ಎಂದರ್ಥ. ಹೀಗಾಗಿ ಪ್ರಕಟಣೆಯನ್ನಷ್ಟೇ ನಂಬಿದರೆ ಈ ಅವಧಿಯಲ್ಲಿ ಹೆಚ್ಚುಕಡಿಮೆ ಯಾರನ್ನೂ ತೆಗೆದುಹಾಕಲೇ ಇಲ್ಲ ಎಂದಾಗುತ್ತದೆ.

ಉಳಿದ ಋತುವನ್ನು ನೌಶಾದ್ ಮೂಸಾ ಹಂಗಾಮಿಯಾಗಿ ನಡೆಸಿದರು. ಬಳಿಕ ಜರ್ಮನಿಯ ಮಾರ್ಕೊ ಪೆಟ್ಸಾಯುವೊಲಿ, 2022ರಲ್ಲಿ ಇಂಗ್ಲೆಂಡಿನ ಸೈಮನ್ ಗ್ರೇಸನ್. ಗ್ರೇಸನ್ ಡ್ಯುರಾಂಡ್ ಕಪ್ ಗೆದ್ದರು, ಐಎಸ್‌ಎಲ್ ಫೈನಲ್ ಮುಟ್ಟಿದರು. 2023ರ ಡಿಸೆಂಬರ್‌ನಲ್ಲಿ ಕಂಠೀರವದಲ್ಲಿ ಮುಂಬೈ ಎದುರು 0–4ರಿಂದ ಸೋತ ಮೇಲೆ ಅವರೂ ಹೊರಟರು. ರೆನೆಡಿ ಸಿಂಗ್ ಕೆಲದಿನ ಹಂಗಾಮಿಯಾಗಿ ನಿಂತರು, ನಂತರ ಜೆರಾರ್ಡ್ ಸರಗೋಸಾ ಬಂದರು. ಈ ಹೆಸರು ಬಂದಾಗ ಹಲವರಿಗೆ ಆಶ್ಚರ್ಯವಾಯಿತು, ಆಗಬೇಕಿರಲಿಲ್ಲ. ಸರಗೋಸಾ ಹಿಂದೆ ಇದೇ ಕ್ಲಬ್‌ನಲ್ಲಿ ಕ್ವಾಡ್ರಾಟ್‌ಗೆ ಸಹಾಯಕರಾಗಿದ್ದವರು, ಕ್ವಾಡ್ರಾಟ್ ರೋಕಾಗೆ ಸಹಾಯಕರಾಗಿದ್ದವರು. ಗಾಳಿಸುದ್ದಿ ಯುರೋಪಿನ ದೊಡ್ಡ ಹೆಸರುಗಳ ಹಿಂದೆ ಅಲೆಯುತ್ತಿದ್ದಾಗ ಕ್ಲಬ್ ತನ್ನ ಹಳೆಯ ಬೆಂಚಿನತ್ತ ನೋಡಿತ್ತು.

ಹಂಗಾಮಿ ಎಂಬ ಪದಕ್ಕೆ ಇಲ್ಲಿ ಬೇರೊಂದು ತೂಕವಿದೆ. ರೆಡ್ಡಿ, ಮೂಸಾ, ರೆನೆಡಿ ಸಿಂಗ್ ಎಲ್ಲರೂ ಭಾರತೀಯರು, ಎಲ್ಲರೂ ವಿದೇಶಿ ಕೋಚ್ ಹೋದಾಗ ಕುರ್ಚಿ ಕಾಯಲು ಬಂದವರು. ಈ ದಾರಿಯಿಂದ ಖಾಯಂ ಕುರ್ಚಿಗೇರಿದ ಮೊದಲ ಭಾರತೀಯ ಖಾಲಿದ್ ಜಮೀಲ್. 2021ರ ಆರಂಭದಲ್ಲಿ ನಾರ್ತ್‌ಈಸ್ಟ್ ಯುನೈಟೆಡ್‌ಗೆ ಹಂಗಾಮಿಯಾಗಿ ಬಂದು, ಅದೇ ವರ್ಷ ಅಲ್ಲೇ ಮುಖ್ಯ ಕೋಚ್ ಆದರು.

ಡಿಸೆಂಬರ್ 2021

ಋತುವಿನ ನಡುವೆಯೇ ಒಂದು ಕ್ಲಬ್ ಇನ್ನೊಂದರ ಕೋಚ್‌ನನ್ನು ಎಳೆದುಕೊಂಡ ಎದ್ದುಕಾಣುವ ಪ್ರಕರಣ ಈ ತಿಂಗಳಿನದು. ಹಿಂದೆ ಪುಣೆಯ ತಂಡಗಳನ್ನು ನಡೆಸಿದ್ದ ಇಬ್ಬರು ಅದರಲ್ಲಿದ್ದಾರೆ. ಎಟಿಕೆ ಮೋಹನ್ ಬಾಗಾನ್‌ನಿಂದ ಹಬಾಸ್ ಹೊರಟರು. ಎಫ್‌ಸಿ ಗೋವಾದ ಹುವಾನ್ ಫೆರಾಂಡೊ ತಮ್ಮ ಒಪ್ಪಂದದಲ್ಲಿದ್ದ ಬಿಡುಗಡೆಯ ಷರತ್ತನ್ನು ಬಳಸಿ ಆ ಜಾಗಕ್ಕೆ ಹೋದರು. ಗೋವಾದ ಖಾಲಿ ಜಾಗ ಡೆರಿಕ್ ಪೆರೇರಾಗೆ ಬಂತು. 2024ರ ಜನವರಿಯಲ್ಲಿ ಫೆರಾಂಡೊರನ್ನು ಕೈಬಿಟ್ಟ ಮೋಹನ್ ಬಾಗಾನ್ ಮತ್ತೆ ಹಬಾಸ್‌ರನ್ನೇ ಕರೆಯಿತು, ಅವರು ಲೀಗ್ ಶೀಲ್ಡ್ ಗೆದ್ದುಕೊಟ್ಟರು.

ಈ ಬಗೆಯ ಎಳೆದಾಟ ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಪ್ರತಿವರ್ಷದ ಮಾತು. ನವೆಂಬರ್–ಡಿಸೆಂಬರ್‌ನಲ್ಲಿ ಒಂದು ವಿಶ್ವವಿದ್ಯಾಲಯದ ಕುರ್ಚಿ ಖಾಲಿಯಾದರೆ ಸಾಲಾಗಿ ನಾಲ್ಕೈದು ಕುರ್ಚಿಗಳು ಅಲುಗುತ್ತವೆ. 2021ರ ನವೆಂಬರ್‌ನಲ್ಲಿ ಲಿಂಕನ್ ರೈಲಿ ಒಕ್ಲಹೋಮ ಬಿಟ್ಟು ಸದರ್ನ್ ಕ್ಯಾಲಿಫೋರ್ನಿಯಾಕ್ಕೆ ಹೋದರು, ಅದೇ ವಾರದಲ್ಲಿ ಬ್ರಯನ್ ಕೆಲ್ಲಿ ನಾಟ್ರ ಡೇಮ್ ತೊರೆದರು. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹಣದ ಲೆಕ್ಕ ಬಹಿರಂಗ. 2023ರಲ್ಲಿ ಜಿಂಬೊ ಫಿಶರ್‌ರನ್ನು ತೆಗೆದಾಗ ಟೆಕ್ಸಸ್ ಎ ಆ್ಯಂಡ್ ಎಂ ಕೊಡಬೇಕಾಗಿ ಬಂದದ್ದು 7.5 ಕೋಟಿ ಡಾಲರ್‌ಗೂ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತಿತ್ತು. ಭಾರತದ ಕ್ಲಬ್‌ಗಳು ಈ ಅಂಕಿ ಹೇಳುವುದಿಲ್ಲ, ಆದ್ದರಿಂದ ಇಲ್ಲಿನ ಊಹೆ ಹೆಸರುಗಳ ಸುತ್ತಲೇ ಸುತ್ತುತ್ತದೆ.

ರಾಷ್ಟ್ರೀಯ ತಂಡ ಮತ್ತು ಅರ್ಜಿಗಳ ಪೆಟ್ಟಿಗೆ

ಕ್ಲಬ್‌ಗಳಲ್ಲಿ ಊಹೆ ಕದ್ದು ಹುಟ್ಟುತ್ತದೆ, ರಾಷ್ಟ್ರೀಯ ತಂಡದಲ್ಲಿ ಅದಕ್ಕೆ ವಿಧಿವತ್ತಾದ ಆಹ್ವಾನವೇ ಇದೆ: ಅರ್ಜಿ ಕರೆಯಲಾಗುತ್ತದೆ. ಕ್ರಿಕೆಟ್‌ನಲ್ಲಿ ಇದರ ಪರಿಣಾಮ ಆಗಿನ ಕೋಚ್ ಅನಿಲ್ ಕುಂಬ್ಳೆ ಪ್ರಕರಣದಲ್ಲಿ ಕಾಣಿಸಿತು. ಪಿಂಪ್ರಿ-ಚಿಂಚವಾಡದ ಅಂಚಿನ ಗಹುಂಜೆ ಕ್ರೀಡಾಂಗಣದ ಮೊದಲ ಟೆಸ್ಟನ್ನು ಫೆಬ್ರವರಿ 2017ರಲ್ಲಿ ಕುಂಬ್ಳೆಯ ಭಾರತ ತಂಡ 333 ರನ್‌ಗಳಿಂದ ಸೋತಿತ್ತು, ಆದರೆ ಸರಣಿ ಗೆದ್ದಿತ್ತು. ಆ ಸೋಲಿಗೂ ಅವರ ನಿರ್ಗಮನಕ್ಕೂ ಗಂಟು ಹಾಕುವುದು ತಪ್ಪು. ಮೇ ತಿಂಗಳಲ್ಲಿ ಕ್ರಿಕೆಟ್ ಮಂಡಳಿ ಅರ್ಜಿ ಕರೆದಾಗಲೇ ನಾಯಕ ವಿರಾಟ್ ಕೊಹ್ಲಿಯೊಂದಿಗಿನ ಬಿರುಕಿನ ಮಾತು ಹಬ್ಬಿತು, ಜೂನ್ 20ಕ್ಕೆ ಕುಂಬ್ಳೆ ರಾಜೀನಾಮೆ ಕೊಟ್ಟರು. ಜುಲೈ 11ರಂದು ರವಿ ಶಾಸ್ತ್ರಿ ನೇಮಕ ಎಂಬ ಸುದ್ದಿ ಹಗಲಲ್ಲಿ ಬಂತು, ಮಂಡಳಿಯ ಹಂಗಾಮಿ ಕಾರ್ಯದರ್ಶಿ ಅದನ್ನು ಅಲ್ಲಗಳೆದರು, ರಾತ್ರಿ ಮಂಡಳಿಯೇ ಅದನ್ನು ಪ್ರಕಟಿಸಿತು. ಆ ದಿನದ ಮಟ್ಟಿಗೆ ಊಹೆಯೇ ಅಧಿಕೃತ ಮಾತಿಗಿಂತ ನಿಜವಾಗಿತ್ತು.

ಫುಟ್‌ಬಾಲ್‌ನಲ್ಲಿ 2019ರ ಜನವರಿಯಲ್ಲಿ ಭಾರತ ಏಷ್ಯನ್ ಕಪ್‌ನಿಂದ ಹೊರಬಿದ್ದ ರಾತ್ರಿಯೇ ಕೋಚ್ ಸ್ಟೀಫನ್ ಕಾನ್‌ಸ್ಟಂಟೈನ್ ರಾಜೀನಾಮೆ ಹೇಳಿದರು. ಕೊನೆಯ ನಾಲ್ವರ ಪಟ್ಟಿಯಲ್ಲಿ ರೋಕಾ ಹೆಸರಿತ್ತು, ಬೆಂಗಳೂರಿನಲ್ಲಿ ಆಸೆಯೂ ಇತ್ತು. ಆಯ್ಕೆಯಾದವರು ಕ್ರೊಯೇಷಿಯಾದ ಇಗೋರ್ ಸ್ಟಿಮಾಚ್. 2024ರ ಜೂನ್‌ನಲ್ಲಿ ಅವರನ್ನು ತೆಗೆದಾಗ ಪರಿಹಾರದ ವ್ಯಾಜ್ಯ ಎದ್ದಿತು, ಕೊನೆಗೆ 4 ಲಕ್ಷ ಡಾಲರ್‌ಗೆ ಇತ್ಯರ್ಥವಾಯಿತು. ನಂತರ ಬಂದ ಮಾರ್ಕೆಸ್ ಎಫ್‌ಸಿ ಗೋವಾದ ಕೆಲಸವನ್ನೂ ಮಾಡುತ್ತಲೇ ಒಂದು ವರ್ಷ ಇದ್ದರು. ಆ ಅವಧಿಯಲ್ಲಿ ಭಾರತ ಗೆದ್ದದ್ದು ಮಾಲ್ಡೀವ್ಸ್ ಎದುರಿನ ಒಂದೇ ಪಂದ್ಯ.

ಜುಲೈ 2025ರ ಪ್ರಕರಣ ಇಡೀ ಇತಿಹಾಸದಲ್ಲೇ ವಿಚಿತ್ರವಾದದ್ದು. ಖಾಲಿ ಹುದ್ದೆಗೆ 170 ಅರ್ಜಿಗಳು ಬಂದವು. ಅವುಗಳಲ್ಲಿ ಬಾರ್ಸಿಲೋನಾದ ಮಾಜಿ ಕೋಚ್ ಶಾವಿ ಹೆರ್ನಾಂಡೆಸ್ ಹೆಸರಿದೆ ಎಂಬ ಸುದ್ದಿ ಹೊರಬಂತು. ಅದನ್ನು ದೃಢಪಡಿಸಿದವರು ರಾಷ್ಟ್ರೀಯ ತಂಡದ ನಿರ್ದೇಶಕ ಸುಬ್ರತಾ ಪಾಲ್. ಶಾವಿಗೆ ಕೊಡುವಷ್ಟು ಹಣ ನಮ್ಮಲ್ಲಿಲ್ಲ ಎಂಬ ಚರ್ಚೆಯೂ ನಡೆಯಿತು, ಜಗತ್ತಿನ ಪತ್ರಿಕೆಗಳು ಬರೆದವು. ಮರುದಿನ ಭಾರತದ ಫುಟ್‌ಬಾಲ್ ಫೆಡರೇಶನ್ ಹೇಳಿಕೆ ಕೊಟ್ಟಿತು: ಶಾವಿ ಮಾತ್ರವಲ್ಲ, ಪೆಪ್ ಗಾರ್ಡಿಯೊಲಾ ಹೆಸರಿನಲ್ಲೂ ಇ-ಮೇಲ್ ಬಂದಿದೆ, ಎರಡೂ ಅಸಲಿಯಲ್ಲ. ಶಾವಿ ಹೆಸರಿನ ಇ-ಮೇಲ್ ಕಳಿಸಿದ್ದು ತಾನೇ ಎಂದು ವಿದ್ಯಾರ್ಥಿಯೊಬ್ಬ ಹೇಳಿಕೊಂಡದ್ದೂ ವರದಿಯಾಯಿತು. ಸಾಮಾನ್ಯವಾಗಿ ವದಂತಿ ಹೊರಗಿನಿಂದ ಹುಟ್ಟಿ ಸಂಸ್ಥೆ ಅದನ್ನು ಅಲ್ಲಗಳೆಯುತ್ತದೆ. ಇಲ್ಲಿ ವದಂತಿ ಸಂಸ್ಥೆಯ ಅಂಚೆಪೆಟ್ಟಿಗೆಗೇ ಬಂದು ಬಿದ್ದು, ಅಲ್ಲಿಂದಲೇ ಮುದ್ರೆ ಪಡೆದು ಹೊರಟಿತ್ತು.

ಕೊನೆಯ ಮೂವರಲ್ಲಿ ಕಾನ್‌ಸ್ಟಂಟೈನ್, ಸ್ಲೊವಾಕಿಯಾದ ಸ್ಟೆಫಾನ್ ತಾರ್ಕೊವಿಚ್ ಮತ್ತು ಖಾಲಿದ್ ಜಮೀಲ್ ಉಳಿದರು. ಆಗಸ್ಟ್ 1ರಂದು ಜಮೀಲ್ ನೇಮಕವಾದರು, ಸಾವಿಯೊ ಮೆದೇರಾ ನಂತರ 13 ವರ್ಷಕ್ಕೆ ರಾಷ್ಟ್ರೀಯ ತಂಡಕ್ಕೆ ಭಾರತೀಯ ಕೋಚ್. ಅಷ್ಟರಲ್ಲಿ ಲೀಗ್ ಹಕ್ಕುಗಳ ಒಪ್ಪಂದ ನವೀಕರಣವಾಗದೆ ಐಎಸ್‌ಎಲ್‌ನ ಹೊಸ ಋತು ತಡೆಹಿಡಿದ ಸ್ಥಿತಿಯಲ್ಲಿತ್ತು. ಅದೇ ಆಗಸ್ಟ್‌ನ ಮೊದಲ ವಾರದಲ್ಲಿ, ಹಿಂದಿನ ಏಪ್ರಿಲ್‌ನಲ್ಲಷ್ಟೇ ಸರಗೋಸಾ ಕೈಕೆಳಗೆ ಫೈನಲ್ ಆಡಿದ್ದ ಬೆಂಗಳೂರು ಎಫ್‌ಸಿ, ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿದಿರುವುದಾಗಿ ಪ್ರಕಟಿಸಿತು.