ಮರೆತ ಗುಪ್ತಪದ, ಕಮಲಾಪುರದ ಪಹಣಿ

ಬೆಳಿಗ್ಗೆ ಕಚೇರಿಗೆ ಬಂದು ಗಣಕಯಂತ್ರದ ಮುಂದೆ ಕುಳಿತಿದ್ದೀರಿ. ನಿನ್ನೆ ಬೆರಳ ತುದಿಯಲ್ಲಿದ್ದ ಗುಪ್ತಪದ, ಅಂದರೆ ಪಾಸ್‌ವರ್ಡ್, ಇಂದು ನೆನಪಿಗೆ ಬಾರದು. ಯಂತ್ರಕ್ಕೆ ಅದು ಗೊತ್ತಿದೆಯಲ್ಲ, ಯಾರಾದರೂ ತೆಗೆದು ಹೇಳಬಾರದೇ ಎಂದು ನಿಮಗನಿಸಬಹುದು. ಹೇಳಲಾಗದು. ಯಂತ್ರಕ್ಕೂ ಅದು ಗೊತ್ತಿಲ್ಲ!

ಮೊದಲು ಹೀಗಿರಲಿಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಗಣಕಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ಏರ್ಪಾಡು ಮಾಡಿದರು. ಒಬ್ಬರ ಕಡತವನ್ನು ಇನ್ನೊಬ್ಬರು ನೋಡದಿರಲೆಂದು ಪ್ರತಿಯೊಬ್ಬರಿಗೂ ಗುಪ್ತಪದ ಕೊಟ್ಟರು. ಆದರೆ ಅವನ್ನೆಲ್ಲ ಒಂದೇ ಕಡತದಲ್ಲಿ ಇದ್ದಂತೆಯೇ ಬರೆದಿಟ್ಟರು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧಕರು ಯಂತ್ರದ ಮೇಲೆ ಹೆಚ್ಚು ಸಮಯ ಸಿಗಲೆಂದು ಆ ಪಟ್ಟಿಯನ್ನೇ ಮುದ್ರಿಸಿಕೊಂಡರು. 1966ರಲ್ಲಿ ಕಡತಗಳು ಅದಲುಬದಲಾಗಿ, ಒಳಬಂದವರಿಗೆಲ್ಲ ದಿನದ ಸಂದೇಶದ ಬದಲು ಎಲ್ಲರ ಗುಪ್ತಪದಗಳೂ ಕಂಡವು.

ಮರೆತವರಿಗೆ ತೆಗೆದು ಹೇಳಬಹುದಾದದ್ದನ್ನು ಕಳ್ಳನೂ ತೆಗೆದುಕೊಳ್ಳಬಲ್ಲ. ಇದಕ್ಕೆ ಕೇಂಬ್ರಿಜ್‌ನ ರೋಜರ್ ನೀಡಮ್ ಆ ದಶಕದಲ್ಲೇ ಉಪಾಯ ಕಂಡರು. 1979ರಲ್ಲಿ ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಅಂಥದೇ ಉಪಾಯವನ್ನು ಬಲಪಡಿಸಿದ ಬಗೆಯನ್ನು ವಿವರಿಸಿ ಬರೆದರು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಜೋಳ ಬೀಸಿದರೆ ಹಿಟ್ಟಾಗುತ್ತದೆ, ಹಿಟ್ಟಿನಿಂದ ಮತ್ತೆ ಜೋಳವಾಗದು. ಯಂತ್ರ ಇಟ್ಟುಕೊಳ್ಳುವುದು ಹಿಟ್ಟನ್ನು ಮಾತ್ರ. ನೀವು ಗುಪ್ತಪದ ಕೊಟ್ಟಾಗ ಅದನ್ನು ಬೀಸಿ, ಹಿಟ್ಟಿಗೆ ಹಿಟ್ಟು ಹೋಲಿಸಿ ನೋಡುತ್ತದೆ. ಇಬ್ಬರ ಗುಪ್ತಪದ ಒಂದೇ ಆದರೂ ಹಿಟ್ಟು ಬೇರೆಯಾಗಲೆಂದು ಬೆರೆಸುವ ಅಂಕಿಗಳಿಗೆ ಅವರು ಇಟ್ಟ ಹೆಸರು ಉಪ್ಪು. ಇದು ನನ್ನ ಉಪಮೆಯಲ್ಲ, ಅವರದೇ ಮಾತು!

ಇಲ್ಲಿ ಕಲಬುರಗಿ ಸೀಮೆಯ ರೈತನಿಗೇನು ಸಂಬಂಧ ಎನ್ನುವಿರಾ? ಅವನ ಪಹಣಿಯೇ ಗಣಕಯಂತ್ರದೊಳಗೆ ಹೋಯಿತು. 2000ದ ಆಸುಪಾಸಿನಲ್ಲಿ ಬಂದ 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು ಗಣಕೀಕೃತವಾದವು. ತೊಗರಿ ಬಿತ್ತನೆಗೆ ಸಾಲ ಬೇಕಾದರೆ ಪಹಣಿ ಬೇಕು. ಕಮಲಾಪುರ ಆಗಿನ್ನೂ ಹೋಬಳಿ, ತಾಲೂಕಾದದ್ದು 2018ರಲ್ಲಿ. ಹುಮನಾಬಾದ್ ರಸ್ತೆಯಿಂದ ಬಸ್ಸು ಹತ್ತಿ ಕಲಬುರಗಿಗೆ ಬಂದವನು, ಗುಪ್ತಪದ ಮರೆತಿದೆ ಎಂಬ ಮಾತು ಕೇಳಿ ಹಿಂದಿರುಗಿದರೆ ಒಂದು ದಿನದ ಕೂಲಿಯೂ ಬಸ್ ಚಾರ್ಜೂ ಹೋದಂತೆಯೇ. ಗುಪ್ತಪದಕ್ಕೆ ಇನ್ನೊಂದು ಕೇಡೂ ಉಂಟು. ದಾಖಲೆ ತಿದ್ದಿದವನು ನನ್ನ ಗುಪ್ತಪದವನ್ನು ಬೇರೆ ಯಾರೋ ಬಳಸಿದರು ಎಂದು ಜಾರಿಕೊಳ್ಳಬಹುದು. ಆದ್ದರಿಂದ 'ಭೂಮಿ'ಯಲ್ಲಿ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗುವ ವ್ಯವಸ್ಥೆ ಮಾಡಲಾಯಿತು. ಮರೆಯುವ ಮಾತೂ ಇಲ್ಲ, ನಾನಲ್ಲ ಎನ್ನುವ ಮಾತೂ ಇಲ್ಲ. ಬೆರಳಿಗೂ ಮಿತಿಯಿದೆಯೆನ್ನಿ. ರಾಶಿ ಮಾಡಿ ರೇಖೆ ಸವೆದ ಕೈ ಪಡಿತರ ಅಂಗಡಿಯ ಯಂತ್ರಕ್ಕೆ ಎಷ್ಟೋ ಸಲ ಗುರುತು ಸಿಗುವುದಿಲ್ಲ.

ನಿಮ್ಮ ಮರೆತ ಗುಪ್ತಪದಕ್ಕೆ ಬರೋಣ. ಕಚೇರಿಯ ಯಂತ್ರವಾದರೆ ಅದರ ಮೇಲ್ವಿಚಾರಕರು ನಿಮ್ಮ ಗುರುತು ನೋಡಿ ತಾತ್ಕಾಲಿಕ ಗುಪ್ತಪದ ಕೊಡುತ್ತಾರೆ. ಹಳೆಯದು ಅವರಿಗೂ ಸಿಗದು. ಒಳಹೋದ ಕೂಡಲೇ ಅದನ್ನು ಬದಲಿಸಿರಿ. ಮನೆಯ ಯಂತ್ರದ ಡಿಸ್ಕನ್ನೇ ಗೂಢಲಿಪಿಯಲ್ಲಿ ಭದ್ರಪಡಿಸಿದ್ದರೆ, ಗುಪ್ತಪದ ಮರೆತಾಗ ಅದಕ್ಕೆಂದು ಕೊಟ್ಟ ಕೀಲಿಸಂಖ್ಯೆಯೇ ದಾರಿ. ಅದೂ ಕಳೆದರೆ ಒಳಗಿನ ಬರಹ, ಚಿತ್ರ, ಲೆಕ್ಕ ಎಲ್ಲವೂ ಹೋದಂತೆ. ಆ ಸಂಖ್ಯೆಯನ್ನು ಯಂತ್ರದೊಳಗಲ್ಲ, ಕಾಗದದ ಮೇಲೆ ಬರೆದು, ಹೊಲದ ಪತ್ರಗಳಿರುವ ಟ್ರಂಕಿನಲ್ಲಿಡಿ.